ನಲವತ್ತೆರಡು ಫೈಲುಗಳಿಗೆ ಒಂದೇ ಷರಾ

ಮನುಷ್ಯ ಈ ಲೋಕಕ್ಕೆ ಒಬ್ಬೊಬ್ಬನಾಗಿಯೇ ಬರುತ್ತಾನೆ, ಒಬ್ಬೊಬ್ಬನಾಗಿಯೇ ಹೋಗುತ್ತಾನೆ. ಗುಂಪು ಕಟ್ಟಿಕೊಂಡು ಒಳಗೆ ಬರುವ ಸೌಲಭ್ಯ ಸೃಷ್ಟಿಯಲ್ಲಿ ಇಲ್ಲ. ಈ ಮಾತನ್ನು ನನಗೆ ಹೇಳಿದವರು ಸನ್ಯಾಸಿಯಲ್ಲ, ತಾಲ್ಲೂಕು ಕಚೇರಿಯ ರೆಕಾರ್ಡ್ ಕೀಪರು. ಹೇಳಿದ್ದೂ ಫೈಲುಗಳ ವಿಷಯವಾಗಿ. ಹಾಗಾದರೆ ಅವಳಿ ಮಕ್ಕಳ ಕತೆ ಏನು ಎಂದು ನಾನು ಒಮ್ಮೆ ಕೇಳಿದ್ದೆ. ಅವೂ ಒಂದರ ಹಿಂದೆ ಒಂದು ಬರುವುದು, ಅನುಮಾನವಿದ್ದರೆ ಸೂಲಗಿತ್ತಿಯನ್ನು ಕೇಳು ಎಂದು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡರು.

ನನ್ನ ಗುಮಾಸ್ತಗಿರಿಯ ಮೊದಲ ಹದಿನೈದು ವರ್ಷ ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಡುವೆ ವರ್ಗವಾಗುತ್ತಾ ಕಳೆಯಿತು. ಈಗ ಹೇಳಹೊರಟದ್ದು ಆ ಮೂರರಲ್ಲಿ ಯಾವ ಊರಿನ ಕಚೇರಿಯಲ್ಲಿ ನಡೆದದ್ದೆಂದು ಬರೆಯುವುದಿಲ್ಲ. ಸಾಗರದವರು ಹೊಸನಗರದ್ದೆಂದು ತಿಳಿಯಲಿ, ಹೊಸನಗರದವರು ಸಾಗರದ್ದೆಂದು ತಿಳಿಯಲಿ. ತೀರ್ಥಹಳ್ಳಿಯವರು ಇಂಥದ್ದೆಲ್ಲ ಹೇಗೂ ಬೇರೆ ಕಡೆಯೇ ನಡೆಯುವುದು ಎಂದು ನಂಬಿದವರು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಉಳುವವನಿಗೇ ಭೂಮಿ ಎಂಬ ಕಾಯಿದೆ ಬಂದು, ಗೇಣಿಗೆ ಗದ್ದೆ ಮಾಡುತ್ತಿದ್ದವರೆಲ್ಲ ಅದು ತಮ್ಮದಾಗಬೇಕೆಂದು ಅರ್ಜಿ ಹಾಕಿದ್ದರು. ಜನ ಅದಕ್ಕೆ ‘ಡಿಕ್ಲರೇಷನ್’ ಎನ್ನುತ್ತಿದ್ದರು. ಒಂದೊಂದು ಡಿಕ್ಲರೇಷನ್ನಿಗೆ ಒಂದೊಂದು ಫೈಲು. ನ್ಯಾಯಮಂಡಳಿ ತಿಂಗಳಿಗೊಂದು ದಿನ ಕೂತು ವಿಚಾರಣೆ ಮಾಡುತ್ತಿತ್ತು. ವಿಚಾರಣೆಗೆ ಫೈಲು ಹೊರಗೆ ತರುವುದು, ಮುಗಿದ ಮೇಲೆ ರೆಕಾರ್ಡ್ ರೂಮಿಗೆ ಒಪ್ಪಿಸುವುದು ನನ್ನ ಕೆಲಸ.

ತರುವುದು ಸುಲಭ. ಚೀಟಿ ಬರೆದುಕೊಟ್ಟರೆ ಕೀಪರು ಫೈಲು ತೆಗೆದುಕೊಟ್ಟು, ಅದಿದ್ದ ಜಾಗದಲ್ಲಿ ಆ ಚೀಟಿಯನ್ನು ಇಡುತ್ತಿದ್ದರು. ಒಪ್ಪಿಸುವುದು ಮಾತ್ರ ಒಂದು ಸಂಸ್ಕಾರ. ದಾರ ಬಿಚ್ಚಬೇಕು. ಬೆರಳಿಗೆ ನೀರು ಹಚ್ಚಿಕೊಂಡು ಹಾಳೆ ಎಣಿಸಬೇಕು. ಮೊದಲ ಪುಟದ ಲೆಕ್ಕಕ್ಕೆ ತಾಳೆಯಾದರೆ ಕಪಾಟಿನಿಂದ ಚೀಟಿ ತಂದು ಹರಿಯಬೇಕು. ರಿಜಿಸ್ಟರಿನಲ್ಲಿ ನಂಬರು ಬರೆದು, ಕೊನೆಯ ಕಲಮಿನಲ್ಲಿ ಷರಾ ಹಾಕಬೇಕು. ಅಂದರೆ ಈ ಫೈಲು ಯಾವ ಸ್ಥಿತಿಯಲ್ಲಿ ಒಳಗೆ ಬಂತು ಎಂದು ಒಂದು ಸಾಲು. ಆಮೇಲೆ ಕೆಂಪು ರುಮಾಲಿನಲ್ಲಿ ಕಟ್ಟಿ, ಹುಳ ಹಿಡಿಯದಂತೆ ನಡುವೆ ಒಂದೆಸಳು ಲಕ್ಕಿ ಸೊಪ್ಪು ಸಿಕ್ಕಿಸಿ, ಸ್ವಸ್ಥಾನಕ್ಕೆ ಸೇರಿಸಬೇಕು. ಇಷ್ಟು ಆಗುವ ತನಕ ಎರಡನೆಯ ಫೈಲಿನ ದಾರ ಮುಟ್ಟುವ ಹಾಗಿಲ್ಲ. ಒಂದು ಫೈಲಿಗೆ ಹತ್ತು ನಿಮಿಷ. ಎಲೆಯಡಿಕೆ ಸೇರಿದರೆ ಹದಿನೈದು. ಎರಡು ಒಟ್ಟಿಗೆ ಬಿಚ್ಚಿದರೆ ಹಾಳೆಗಳು ಮನೆ ತಪ್ಪುತ್ತವೆ ಎಂಬುದು ಅವರ ವಾದ. ಹಿಂದೆ ಯಾವಾಗಲೋ ಒಬ್ಬರ ಮನೆಯ ಪಾಲುಪಟ್ಟಿ ಇನ್ನೊಬ್ಬರ ಬಾವಿಯ ತಕರಾರಿಗೆ ಸೇರಿ ಎರಡು ತಲೆಮಾರು ವ್ಯಾಜ್ಯ ನಡೆದಿತ್ತಂತೆ.

ನನಗೆ ಇದು ಶುದ್ಧ ಮಡಿವಂತಿಕೆಯಾಗಿ ಕಂಡಿತ್ತು. ವಯಸ್ಸು ಇಪ್ಪತ್ತಾರು.

ಒಂದು ವರ್ಷ ಬೇಸಿಗೆಯ ಕೊನೆಯಲ್ಲಿ ಶಿವಮೊಗ್ಗದಿಂದ ಇನ್‌ಸ್ಪೆಕ್ಷನ್ ಬರುತ್ತದೆ ಎಂದು ಸುದ್ದಿಯಾಯಿತು. ನನ್ನ ಮೇಜಿನ ಮೇಲೆ ಒಪ್ಪಿಸದೆ ಉಳಿದ ನಲವತ್ತೆರಡು ಫೈಲುಗಳಿದ್ದವು. ಅವುಗಳ ಹಿಂದೆ ನಾನು ಕಾಣುತ್ತಿರಲಿಲ್ಲ, ಅದು ಅವುಗಳ ಮುಖ್ಯ ಉಪಯೋಗ. ಸೋಮವಾರದೊಳಗೆ ಮೇಜು ಖಾಲಿಯಾಗಬೇಕು ಎಂದು ಶಿರಸ್ತೇದಾರರು ಅಪ್ಪಣೆ ಮಾಡಿದರು. ಅದೇ ಹೊತ್ತಿಗೆ ಕೀಪರು ಮಗಳ ಮದುವೆಗೆಂದು ಮೂರು ದಿನ ರಜೆ ಹೋದರು. ರೆಕಾರ್ಡ್ ರೂಮಿನ ಬೀಗದ ಕೈ ನನ್ನ ಕೈಗೆ ಬಂತು.

ಹೀಗೆ ಒಂದು ಶುಕ್ರವಾರ ಮಧ್ಯಾಹ್ನ ನಾನು ನಲವತ್ತೆರಡು ಫೈಲುಗಳನ್ನು ನನಗೇ ಒಪ್ಪಿಸಿದೆ. ಕೊಟ್ಟವನ ಕಲಮಿನಲ್ಲಿ ನನ್ನ ರುಜು, ಪಡೆದವನ ಕಲಮಿನಲ್ಲಿಯೂ ನನ್ನದೇ. ಇಬ್ಬರ ನಡುವೆ ಒಂದೇ ಒಂದು ಮಾತಿನ ಭಿನ್ನಾಭಿಪ್ರಾಯ ಬರಲಿಲ್ಲ. ನಂಬರುಗಳನ್ನು ಒಂದರ ಕೆಳಗೊಂದು ಬರೆದು, ಅಷ್ಟಕ್ಕೂ ಸೇರಿಸಿ ಪುಟದುದ್ದ ಒಂದು ಕಂಸ ಎಳೆದೆ. ಮೆಣಸಿನ ಬಳ್ಳಿಯ ಹಾಗೆ ನಡುವಿನಲ್ಲಿ ಬಳುಕಿದ, ಬಹಳ ಚೆಂದದ ಕಂಸ. ಅದರ ಮೂತಿಗೆ ಒಂದೇ ಷರಾ: ‘ವಿಚಾರಣೆ ಮುಗಿದು ವಿಲೇವಾರಿಯಾಗಿದೆ.’ ಹಾಳೆ ಎಣಿಸಲಿಲ್ಲ. ಚೀಟಿಗಳನ್ನು ಕಪಾಟಿನಿಂದ ಕಿತ್ತು ತಂದು ನೂಲಿನಲ್ಲಿ ಪೋಣಿಸಿದೆ. ಫೈಲುಗಳನ್ನು ಎರಡು ದೊಡ್ಡ ಗಂಟು ಕಟ್ಟಿ ರೆಕಾರ್ಡ್ ರೂಮಿನ ಬೆಂಚಿನ ಮೇಲಿಟ್ಟೆ. ಒಟ್ಟು ಇಪ್ಪತ್ತು ನಿಮಿಷ. ಇನ್‌ಸ್ಪೆಕ್ಷನ್ನಿಗೆ ಬಂದವರು ನನ್ನ ಖಾಲಿ ಮೇಜನ್ನು ನೋಡಿ, ಶೀಘ್ರ ವಿಲೇವಾರಿ ಶ್ಲಾಘನೀಯ ಎಂದು ನೋಟಿನಲ್ಲಿ ಬರೆದುಹೋದರು. ಶಿರಸ್ತೇದಾರರು ಆ ಸಾಲನ್ನು ವಾರದ ತನಕ ಬಂದವರಿಗೆಲ್ಲ ಓದಿ ಹೇಳಿದರು.

ಕೀಪರು ರಜೆ ಮುಗಿಸಿ, ಮದುವೆಮನೆಯ ಲಾಡು ತೆಗೆದುಕೊಂಡು ಬಂದರು. ಎಲ್ಲರಿಗೂ ಹಂಚಿ, ರಿಜಿಸ್ಟರು ತೆರೆದು, ನನ್ನ ಕಂಸವನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. ಬೈಯಲಿಲ್ಲ. “ಹೆದ್ದಾರಿ ಆಯ್ತಲ್ಲ ಮಾರಾಯ,” ಎಂದರು, ಅಷ್ಟೆ. ಆದರೆ ಗಂಟುಗಳನ್ನು ಕಪಾಟಿಗೆ ಸೇರಿಸಲಿಲ್ಲ. ರಿಜಿಸ್ಟರಿನ ಪ್ರಕಾರ ಅವು ಒಳಗೆ ಬಂದಿದ್ದವು. ಕೀಪರ ಪ್ರಕಾರ ಇನ್ನೂ ಬಾಗಿಲಲ್ಲಿದ್ದವು. ತಮ್ಮ ದಿನದ ಕೆಲಸದ ನಡುವೆ ದಿನಕ್ಕೆ ಒಂದು, ಪುರುಸೊತ್ತಾದರೆ ಎರಡು ಬಿಚ್ಚಿ, ಎಣಿಸಿ, ಲಕ್ಕಿ ಸೊಪ್ಪು ಸಿಕ್ಕಿಸಿ, ಒಂದೊಂದನ್ನಾಗಿ ಒಳಗೆ ಕರೆದುಕೊಳ್ಳುತ್ತಿದ್ದರು.

ನಲವತ್ತೊಂದು ಪ್ರಕರಣಗಳು ನಿಜಕ್ಕೂ ವಿಲೇವಾರಿಯಾಗಿದ್ದವು. ಒಂದು ಆಗಿರಲಿಲ್ಲ.

ಒಂದೇ ಊರಿನ, ಒಬ್ಬನೇ ಒಡೆಯನ ಎರಡು ಗೇಣಿ ಪ್ರಕರಣ ಒಟ್ಟಿಗೆ ವಿಚಾರಣೆಗೆ ಬಂದಿದ್ದವು. ಅನುಕೂಲಕ್ಕೆಂದು ಎರಡನ್ನೂ ನಾನೇ ಮೇಲಿನಿಂದ ಇನ್ನೊಂದು ದಾರ ಹಾಕಿ ಒಟ್ಟಿಗೆ ಕಟ್ಟಿದ್ದೆ. ಒಂದು ತೀರ್ಮಾನವಾಯಿತು. ಇನ್ನೊಂದರಲ್ಲಿ ಅರ್ಜಿದಾರ ಅಷ್ಟರಲ್ಲಿ ತೀರಿಕೊಂಡಿದ್ದ. ಅವನ ಹೆಂಡತಿ ತನ್ನನ್ನು ವಾರಸುದಾರಳೆಂದು ಸೇರಿಸಿಕೊಳ್ಳಬೇಕೆಂದು ಅರ್ಜಿ ಕೊಟ್ಟಿದ್ದಳು. ಅದನ್ನು ಕೇಳುವುದು ಬಾಕಿಯಿತ್ತು. ಒಂದೇ ದಾರದ ದೆಸೆಯಿಂದ ಬಾಕಿಯದ್ದೂ ಮುಗಿದದ್ದರ ಜೊತೆ ನನ್ನ ಕಂಸದೊಳಗೆ ಸೇರಿಹೋಯಿತು.

ಮುಂದಿನ ವಿಚಾರಣೆಯ ದಿನ ಆಕೆ ಮೊದಲ ಬಸ್ಸಿಗೆ ಬಂದಿದ್ದರು. ಐವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಗಂಡನ ಕೊಡೆ. ನೋಟೀಸು ಬೋರ್ಡಿನಲ್ಲಿ ತನ್ನ ನಂಬರು ಇದೆಯೇ ಎಂದು ಯಾರ ಕೈಯಲ್ಲೋ ಓದಿಸಿದರು, ಇರಲಿಲ್ಲ. ನನ್ನನ್ನು ಕೇಳಿದರು. ಪಟ್ಟಿಯಲ್ಲಿ ಇಲ್ಲದಿದ್ದರೆ ಮುಂದಿನ ಸಲ ಬರುತ್ತದೆ ಎಂದು ನಾನು ತಲೆ ಎತ್ತದೆ ಹೇಳಿದೆ. ಆ ಪಟ್ಟಿ ತಯಾರಿಸುವವನೂ ನಾನೇ. ಮೇಜಿನ ಮೇಲೆ ಇಲ್ಲದ ಫೈಲು ಪಟ್ಟಿಗೆ ಬರುವುದು ಹೇಗೆ?

ನಡುವೆ ಒಡೆಯರ ಕಡೆಯವರು, ಈ ಪ್ರಕರಣ ಏನಾಯಿತೆಂದು ತಿಳಿಸಿ ಎಂದು ಒಂದು ಅರ್ಜಿ ಕೊಟ್ಟರು. ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಶಾಸ್ತ್ರೋಕ್ತವಾಗಿ ರಿಜಿಸ್ಟರು ನೋಡಿದೆ. ಅದರಲ್ಲಿದ್ದ ಅಕ್ಷರ ನನ್ನದೇ ಆದ್ದರಿಂದ ಸಂಶಯಕ್ಕೆ ಕಾರಣ ಕಾಣಲಿಲ್ಲ. ‘ಸದರಿ ಪ್ರಕರಣ ವಿಲೇವಾರಿಯಾಗಿದೆ’ ಎಂದು ಹಿಂಬರಹ ಕೊಟ್ಟು ಮೊಹರು ಒತ್ತಿಸಿದೆ.

ಮಳೆ ಹಿಡಿದು ಮೂರು ವಾರವಾಗಿತ್ತು. ಒಂದು ಬೆಳಿಗ್ಗೆ ಆಕೆ ನನ್ನ ಮೇಜಿನ ಮುಂದೆ ಬಂದು ನಿಂತರು. ಕೊಡೆಯಿಂದ ಇಳಿದ ನೀರು ನೆಲದಲ್ಲಿ ಸಣ್ಣ ಕೆರೆಯಾಗಿತ್ತು. ಒಡೆಯರ ಮನೆಯವರು ನನ್ನ ಹಿಂಬರಹ ತೋರಿಸಿ, ಕೇಸು ಮುಗಿದಿದೆ, ನಿನಗೆ ಏನೂ ಬರಲಿಲ್ಲ, ಈ ಸಲ ಗದ್ದೆಗೆ ಇಳಿಯಬೇಡ ಎಂದಿದ್ದರಂತೆ. ಅವರು ಕೆಟ್ಟವರೇನಲ್ಲ, ಸರಕಾರಿ ಮೊಹರಿದ್ದ ಕಾಗದವನ್ನು ನಂಬಿದ್ದರು. ಆಕೆಯೂ ಅದನ್ನೇ ನಂಬಿದ್ದರು.

“ಎರಡು ಸಲ ಬಂದೆ ಸ್ವಾಮಿ, ನನ್ ನಂಬ್ರ ಯಾರೂ ಕೂಗ್ಲಿಲ್ಲ,” ಎಂದರು. “ಕೂಗಿದ್ದು ನಂಗೆ ಕೇಳ್ಲಿಲ್ವಾ ಏನೋ. ಅಗೆ ಕೀಳೋಕೆ ಬಂದೈತೆ. ಇನ್ನೊಂದು ವಾರ ಬಿಟ್ರೆ ಸಸಿ ಬಲಿತು ನೆಡೋಕೆ ಬರಲ್ಲ. ಗದ್ದೆಗೆ ಇಳೀಲಾ, ಬ್ಯಾಡ್ವಾ? ಅಷ್ಟ್ ಹೇಳಿ ಸಾಕು.”

ಕೂಗಿದ್ದು ತನಗೇ ಕೇಳಿಸಲಿಲ್ಲವೋ ಏನೋ ಎಂಬ ಮಾತು ನನ್ನನ್ನು ಎಬ್ಬಿಸಿತು. ಬೈದಿದ್ದರೆ ಕೂತೇ ಉತ್ತರ ಕೊಡುತ್ತಿದ್ದೆ. ರೆಕಾರ್ಡ್ ರೂಮಿಗೆ ಹೋಗಿ, ಆ ಫೈಲು ಬೇಕು ಎಂದು ಚೀಟಿ ಬರೆದು ಕೀಪರ ಮುಂದಿಟ್ಟೆ.

ಅವರು ಚೀಟಿ ಓದಿ ಹಿಂದಕ್ಕೆ ಸರಿಸಿದರು. “ಅದು ಇನ್ನೂ ಒಳಗೆ ಬಂದಿಲ್ಲ ಮಾರಾಯ. ಒಳಗೆ ಬಾರದ್ದನ್ನ ಹೊರಗೆ ಹ್ಯಾಂಗೆ ಕೊಡ್ಲಿ?”

ಹೆಂಗಸು ಬಾಗಿಲಲ್ಲಿ ನಿಂತು ಕೇಳುತ್ತಿದ್ದಾರೆ ಎಂದೆ. ಅವರು ತಿರುಗಿ ನೋಡಿದರು. ಆಮೇಲೆ ಬೆಂಚಿನ ಮೇಲಿನ ಗಂಟು ಬಿಚ್ಚಿದರು. ಅದುವರೆಗೆ ಇಪ್ಪತ್ತೊಂಬತ್ತು ಫೈಲು ಒಳಗೆ ಹೋಗಿದ್ದವು. ಆಕೆಯದು ಮೂವತ್ತನೆಯದು. ಕೀಪರು ದಿನಕ್ಕೆ ಇನ್ನೊಂದು ಫೈಲು ಹೆಚ್ಚು ಮಾಡಿದ್ದರೆ ಇದು ಮೊದಲೇ ಸಿಗುತ್ತಿತ್ತು. ಅದನ್ನು ಹೇಳುವ ಯೋಗ್ಯತೆ ಆ ದಿನ ನನಗಿರಲಿಲ್ಲ.

ಬೆರಳಿಗೆ ನೀರು ಹಚ್ಚಿ ಎಣಿಸಿದರು. ಮತ್ತೆ ಎಣಿಸಿದರು. ಒಂದು ಹಾಳೆ ಕಡಿಮೆ. ವಾರಸುದಾರಳ ಅರ್ಜಿಯೇ ಇರಲಿಲ್ಲ. ಅದಿಲ್ಲದೆ ಈ ಫೈಲಿನಲ್ಲಿ ಉಳಿದದ್ದು ತೀರಿಕೊಂಡ ಮನುಷ್ಯನೊಬ್ಬನ ಡಿಕ್ಲರೇಷನ್ನು ಮಾತ್ರ, ಕೇಳುವವರಿಲ್ಲ ಎಂದು ವಜಾ ಮಾಡಬಹುದಾದದ್ದು.

ಅದು ಜೊತೆಯ ಫೈಲಿಗೆ ಸೇರಿರಬೇಕು ಎಂದು ನನಗೆ ಹೊಳೆಯಿತು. ಜೊತೆಗಿದ್ದ ಮೂವತ್ತೊಂದನೆಯದರ ದಾರಕ್ಕೆ ಕೈ ಹಾಕಿದೆ. ಕೀಪರು ನನ್ನ ಮಣಿಕಟ್ಟು ಹಿಡಿದರು. ಕಾಯಿದೆ ಅಡ್ಡ ಬಂದಿತ್ತು: ಮೂವತ್ತನೆಯದು ಮುಗಿಯದೆ ಮೂವತ್ತೊಂದನೆಯದನ್ನು ಬಿಚ್ಚುವಂತಿಲ್ಲ, ಬಿಚ್ಚದೆ ಮೂವತ್ತನೆಯದು ಮುಗಿಯುವಂತಿಲ್ಲ. ಕಪಾಟಿನ ಮೇಲೆ ಎಲ್ಲೋ ಹಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಸಾರ್ವಜನಿಕರು ರೆಕಾರ್ಡ್ ರೂಮಿನ ಹೊಸ್ತಿಲು ದಾಟಬಾರದು ಎಂಬುದು ಆಕೆಗೂ ಗೊತ್ತಿತ್ತು. ಹೊಸ್ತಿಲ ಆಚೆಯಿಂದಲೇ, ತನಗೆ ಓದು ಬಾರದು, ಆದರೆ ಹಾಳೆಯ ಗುರುತು ಹೇಳಬಲ್ಲೆ ಎಂದರು. “ಮೂಲೇಲಿ ಎಣ್ಣೆ ಕಲೆ ಐತೆ. ಅವತ್ತು ರೊಟ್ಟಿ ಕಟ್ಕಂಡ್ ಬಂದಿದ್ ಬಾಳೆಲೆ ಮೇಲೇನೇ ಇಟ್ಟಿದ್ದೆ. ಬೈತೀರೇನೋ ಅಂತ ಹೇಳಿರ್ಲಿಲ್ಲ.”

ಕೀಪರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಯಾವ ನಿರ್ಧಾರಕ್ಕಾದರೂ ಮೊದಲು ಕನ್ನಡಕ ಒರೆಸುವವರು. ಆಮೇಲೆ, “ಇವತ್ತೊಂದಿನ ಎರಡೂ ಒಟ್ಟಿಗೆ ಬಿಚ್ಚುವ,” ಎಂದರು. “ಬಾಗ್ಲು ಅರ್ಧ ಮುಂದೆ ಮಾಡು. ಶಿರಸ್ತೇದಾರ್ರು ನೋಡೋದು ಬ್ಯಾಡ.”

ಇಪ್ಪತ್ತೆರಡು ವರ್ಷದ ಅವರ ಸೇವೆಯಲ್ಲಿ ಹಾಗೆ ಮಾಡಿದ್ದು ಅದೇ ಮೊದಲು ಎಂದು ಆಮೇಲೆ ಹೇಳಿದರು. ಮೂವತ್ತನೆಯ ಫೈಲಿನ ಮೇಲೆ ಎಡಗೈ ಊರಿ, ಹಾಳೆಗಳು ಎದ್ದು ಓಡಿಹೋದಾವು ಎಂಬಂತೆ ಗಟ್ಟಿಯಾಗಿ ಒತ್ತಿ ಹಿಡಿದು, ಬಲಗೈಯಿಂದ ಮೂವತ್ತೊಂದನೆಯದರ ದಾರ ಎಳೆದರು. ಹಾಳೆ ಮಗುಚುವ ಕೆಲಸ ನನಗೆ. ಹತ್ತೊಂಬತ್ತನೆಯ ಹಾಳೆಯ ಮೂಲೆಯಲ್ಲಿ, ಎಂಟಾಣೆ ಅಗಲದ ಎಣ್ಣೆ ಕಲೆ ಇತ್ತು. ಕೆಳಗೆ ಹೆಬ್ಬೆಟ್ಟಿನ ಗುರುತು. ಹಾಳೆಯನ್ನು ಎತ್ತಿ ಬಾಗಿಲ ಕಡೆಗೆ ಹಿಡಿದೆ. ಆಕೆ ಹೊಸ್ತಿಲ ಆಚೆ ನಿಂತೇ ತಲೆಯಾಡಿಸಿದರು.

ಕೀಪರು ಅದನ್ನು ಅದರ ಮನೆಗೆ ಸೇರಿಸಿ ಎಣಿಸಿದರು, ತಾಳೆಯಾಯಿತು. ನಾನು ಪೋಣಿಸಿಟ್ಟ ನೂಲಿನಿಂದ ಅದರ ಹಳೆಯ ಚೀಟಿ ಕಿತ್ತು ಹರಿದರು. ಆ ನಂಬರಿನ ಎದುರು ನನ್ನ ಕಂಸವನ್ನು ಅಡ್ಡಗೆರೆಯಿಂದ ತುಂಡರಿಸಿ, ಕೆಂಪು ಶಾಯಿಯಲ್ಲಿ ‘ವಿಚಾರಣೆ ಬಾಕಿ ಇದೆ’ ಎಂದು ಬೇರೆ ಷರಾ ಹಾಕಿದರು. ಲಕ್ಕಿ ಸೊಪ್ಪು ಸಿಕ್ಕಿಸಿ ಕಪಾಟಿನಲ್ಲಿಟ್ಟರು. ಎರಡು ಹೆಜ್ಜೆ ಹಿಂದೆ ಬಂದು ನನ್ನ ಚೀಟಿ ಕೇಳಿ ಪಡೆದು, ಅದೇ ಫೈಲನ್ನು ಕಪಾಟಿನಿಂದ ತೆಗೆದು ನನ್ನ ಕೈಗೆ ಕೊಟ್ಟರು.

ಶಿರಸ್ತೇದಾರರಿಗೆ ಹೇಳುವುದು ಉಳಿದಿತ್ತು. ಕಂಸ ಒಂದು ಕಡೆ ಮುರಿದರೆ ಇನ್‌ಸ್ಪೆಕ್ಷನ್ ನೋಟಿನ ಹೊಗಳಿಕೆಯ ಗತಿ ಏನು ಎಂದು ಅವರು ಬಹಳ ಹೊತ್ತು ದುಃಖಪಟ್ಟರು. ಒಳ್ಳೆಯ ಸಾಲಾಗಿತ್ತು ಎಂದರು. ಕೊನೆಗೆ ಹೊರಗೆ ಬೆಂಚಿನ ಮೇಲೆ ಕೂತಿದ್ದ ಹೆಂಗಸನ್ನು ಕಿಟಕಿಯಿಂದ ನೋಡಿ, ತಪ್ಪು ನನ್ನದೆಂದು ಬರೆದುಕೊಡಲು ಹೇಳಿದರು. ಬರೆದುಕೊಟ್ಟೆ. ಹಿಂದಿನ ಹಿಂಬರಹ ರದ್ದಾಗಿದೆ, ಪ್ರಕರಣ ತೀರ್ಮಾನವಾಗುವ ತನಕ ಸಾಗುವಳಿಯಿಂದ ಆಕೆಯನ್ನು ಬಿಡಿಸಬಾರದು ಎಂದು ತಹಶೀಲ್ದಾರ್ ಸಾಹೇಬರ ರುಜು ಹಾಕಿಸಿ, ಒಡೆಯರಿಗೊಂದು, ಆಕೆಗೊಂದು ಪ್ರತಿ ಮಾಡಿದೆ. ಮಧ್ಯಾಹ್ನದ ಬಸ್ಸಿಗೆ ಆಕೆ ಕಾಗದವನ್ನು ಕೊಡೆಯೊಳಗೆ ಸುತ್ತಿಟ್ಟುಕೊಂಡು, ತಲೆಗೆ ಸೆರಗು ಹೊದ್ದು ಮಳೆಯಲ್ಲಿ ನಡೆದುಹೋದರು.

ಉಳಿದ ಹನ್ನೆರಡು ಫೈಲುಗಳನ್ನು ಆ ವಾರ ದಿನಕ್ಕೆರಡರಂತೆ ನಾನು ಬೆಂಚಿನ ಪಕ್ಕ ನಿಂತು ಒಪ್ಪಿಸಿದೆ. ಕೀಪರು ಎಣಿಸಿದರು, ನಾನು ಕಾದೆ. ನನ್ನ ಸೇವಾ ಪುಸ್ತಕದಲ್ಲಿ ಒಂದು ಎಚ್ಚರಿಕೆ ದಾಖಲಾಯಿತು. ಮುಂದಿನ ತಿಂಗಳ ವಿಚಾರಣೆಯಲ್ಲಿ ಆಕೆಯ ನಂಬರನ್ನು ಎರಡನೆಯದಾಗಿ ಕೂಗಲಾಯಿತು. ಎರಡು ಎಕರೆ ಹದಿನಾಲ್ಕು ಗುಂಟೆ ಗದ್ದೆ ಆಕೆಯ ಹೆಸರಿಗೆ ಆಯಿತು.