ಸಂಡೂರು ದಾರಿಯಲ್ಲಿ ಮೂರು ಪಾಲಾದ ಕಾದಂಬರಿ

ಹೊಸಪೇಟೆ ಬಿಟ್ಟು ಸ್ವಲ್ಪ ದೂರ ಬರುವಷ್ಟರಲ್ಲಿ ಬಸ್ಸು ನಿಂತಿತು. ಮುಂದೆ ಕಣ್ಣು ಹರಿಯುವವರೆಗೂ ಅದಿರಿನ ಲಾರಿಗಳು. ಕಿಟಕಿ ಮುಚ್ಚಿದರೂ ಕೆಂಪು ಧೂಳು ಒಳಗೆ ಬರುತ್ತಿತ್ತು. ನಾನು ಕಾದಂಬರಿ ತೆರೆದೆ. ಮೂರು ಮನೆಗಳ ಕಥೆ ಒಂದರೊಳಗೊಂದು ಹೆಣೆದುಕೊಂಡ ದಪ್ಪ ಪುಸ್ತಕ. ಕೊನೆಯ ಭಾಗಕ್ಕೆ ಬಂದಿದ್ದೆ.

"ಓದಿದ್ದು ಈ ಕಡಿ ಕೊಡ್ರಿ," ಎಂದು ಹಿಂದಿನ ಸೀಟಿನ ಅಜ್ಜ ಕೈ ಚಾಚಿದರು, ಪೇಪರಿನ ಹಾಳೆ ಕೇಳುವ ಹಾಗೆ. ನನಗೆ ಪುಸ್ತಕ ಹಂಚುವುದು ಸೇರುವುದಿಲ್ಲ. ಆದರೆ ಅದರ ಹೊಲಿಗೆ ಬಿಚ್ಚಿ ಆಗಲೇ ಮೂರು ತುಂಡಾಗಿತ್ತು, ನೆಪ ಹೇಳುವಂತಿರಲಿಲ್ಲ. ನಡುವಿನದನ್ನು ಕೊಟ್ಟೆ. ಕಾಲ ಬಳಿ ಟ್ರಂಕು ಇಟ್ಟುಕೊಂಡು ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಮೊದಲಿನದನ್ನು ಕೇಳದೆಯೇ ಎತ್ತಿಕೊಂಡಳು.

ಲಾರಿಗಳು ಕದಲುವ ಹೊತ್ತಿಗೆ ಕಾದಂಬರಿಯ ನೀಲವ್ವನ ಬಗ್ಗೆ ಇಬ್ಬರಿಗೂ ವಾದ ಹತ್ತಿತ್ತು.

"ನೀಲವ್ವಂದ ತಪ್ಪು. ಗಂಡನ ಮನಿ ಬಿಟ್ಟು ಹಂಗ ಬರ್ತಾರೇನು?" ಎಂದರು ಅಜ್ಜ.

"ಮೊದಲಿಂದು ಓದ್ರಿ ಅಜ್ಜಾರ. ಆಕಿ ಎಷ್ಟು ತಡಕೊಂಡಾಳ ಅಂತ ನಿಮಗ ಗೊತ್ತಿಲ್ಲ."

ಅಜ್ಜ ಆ ತುಂಡನ್ನು ಇಸಿದುಕೊಂಡು ಓದತೊಡಗಿದರು.

ತನ್ನ ತವರೂರಿನದೆಂದು ಆಕೆ ಕಂಡಕ್ಟರಿಗೆ ಹೇಳಿದ್ದ ಕ್ರಾಸ್ ಬಂತು. ಏಳುತ್ತಾ ನನ್ನ ಕೈಯಲ್ಲಿದ್ದ ಕೊನೆಯ ಭಾಗ ನೋಡಿದಳು. "ನೀಲವ್ವ ತಿರುಗಿ ಗಂಡನ ಮನಿಗೆ ಹೋಗ್ತಾಳೇನ್ರಿ?"

ಹೋಗುತ್ತಾಳೆ. ಆ ಪುಟವನ್ನು ಆಗಷ್ಟೇ ಓದಿದ್ದೆ.

"ಇನ್ನೂ ಅಲ್ಲಿಗೆ ಬಂದಿಲ್ಲ," ಎಂದೆ.

"ಹೋಗಂಗಿಲ್ಲ ತಗೋರಿ," ಎಂದು ಆಕೆಯೇ ಹೇಳಿ ಇಳಿದಳು.

ಟ್ರಂಕನ್ನು ಬಾಗಿಲವರೆಗೆ ಹೊತ್ತುಕೊಂಡು ಹೋಗಿ ಇಳಿಸಿಕೊಟ್ಟವರು ಅದೇ ಅಜ್ಜ. "ಭಾಳ ಭಾರ ಐತಲ್ಲವ್ವಾ," ಎಂದರು.