ಸಿಸ್ಟರ್ ಏರಿಸದ ರಕ್ತ

ಮಗಳ ಬಳಪಗಳು ಪದೇ ಪದೇ ಕಳೆಯುತ್ತಿದ್ದವು. ನಾನು ಮಗಳನ್ನೇ ಬೈದೆ. ಕಡೆಗೊಂದು ದಿನ ಗೊತ್ತಾಯಿತು, ತಿನ್ನುತ್ತಿದ್ದವಳು ಅವಳ ತಾಯಿ. ಮಗ್ಗದ ಪಕ್ಕದಲ್ಲಿ ಕೂತು ನೂಲಿನ ಕಂಡಿಕೆ ಸುತ್ತುತ್ತ ಬಳಪ ಕಡಿಯುತ್ತಿದ್ದಳು.

"ಈ ವಯಸ್ಸಿನಾಗ ಸಾಲಿಗೆ ಹೊಂಟೀಯೇನು?" ಎಂದು ನಕ್ಕೆ. ಅವಳೂ ನಕ್ಕಳು. ತುಟಿ ಸುಣ್ಣದಂತೆ ಬೆಳ್ಳಗಾಗಿತ್ತು. ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಮೂರು ತಿಂಗಳಿಂದ ಮುಟ್ಟು ಸರಿಯಾಗಿ ನಿಂತಿರಲಿಲ್ಲವಂತೆ. ರಕ್ತ ಕಡಿಮೆಯಾದವರಿಗೆ ಬಳಪ, ಮಣ್ಣು ತಿನ್ನಬೇಕು ಅನ್ನಿಸುತ್ತದಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು.

ನಾಗರ ಪಂಚಮಿಗೆಂದು ಇಳಕಲ್‌ನಿಂದ ಕಮತಗಿಯ ತವರಿಗೆ ಹೋದವಳು ಜೋಕಾಲಿಯ ಬಳಿ ನಿಂತಲ್ಲೇ ಕುಸಿದಳು. ಅವಳ ಅಣ್ಣ ಬಾಗಲಕೋಟೆಯ ದವಾಖಾನೆಗೆ ಸೇರಿಸಿದ. ನಾನು ಬಸ್ಸು ಹಿಡಿದು ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅವಳಿಗೆ ಮಲಗಲು ಆಗುತ್ತಿರಲಿಲ್ಲ. ಕೂತೇ ಏದುಸಿರು ಬಿಡುತ್ತಿದ್ದಳು.

"ಹಿಮೋಗ್ಲೋಬಿನ್ ಮೂರೂವರಿ ಐತಿ," ಎಂದರು ಡಾಕ್ಟರು. "ಹಾರ್ಟಿಗೆ ತ್ರಾಸ ಆಗಾಕತ್ತೈತಿ. ಲಗೂನ ರಕ್ತ ಏರಿಸ್ಬೇಕು. ಇಷ್ಟು ದಿನ ಏನ್ ಮಾಡಾಕತ್ತಿದ್ರಿ?"



ಬ್ಲಡ್ ಬ್ಯಾಂಕಿನ ಕಿಟಕಿಯ ಮುಂದೆ ಗದ್ದಲ. ಡಾಕ್ಟರು ಕೊಟ್ಟ ಚೀಟಿ ನನ್ನ ಮುಷ್ಟಿಯಲ್ಲಿ ಮುದ್ದೆಯಾಗಿತ್ತು. "ಯಾರ ಹೆಸರಿಂದು?" ಎಂದು ಒಳಗಿನವರು ಕೂಗಿದರು. "ನೀಲಮ್ಮ" ಎಂದೆ. ಚೀಟಿ ಯಾರೂ ನೋಡಲಿಲ್ಲ, ನಾನೂ ತೋರಿಸಲಿಲ್ಲ. ಚೀಲ ಕೈಗೆ ಬಂತು. ಎದೆಗವಚಿಕೊಂಡು ಓಡಿದೆ.

ವಾರ್ಡಿನ ಸಿಸ್ಟರ್ ಚೀಲದ ಮೇಲಿನ ಲೇಬಲ್ ಓದಿದರು. ಕೇಸ್ ಪೇಪರ್ ಓದಿದರು. ಮತ್ತೆ ಲೇಬಲ್ ಓದಿದರು. ಆಮೇಲೆ ನನ್ನ ಹೆಂಡತಿಯ ಕಡೆಗೆ ಬಾಗಿ, "ನಿಮ್ಮ ಹೆಸರೇನ್ರಿ ಅಕ್ಕಾರ?" ಎಂದರು.

"ಗಂಗವ್ವ."

ನಮ್ಮಲ್ಲಿ ಮದುವೆಯ ದಿನ ಹೆಣ್ಣಿನ ಹೆಸರು ಬದಲಿಸುತ್ತಾರೆ. ನಮ್ಮ ಮನೆಗೆ ಬಂದಂದಿನಿಂದ ಅವಳು ನೀಲಮ್ಮ. ತವರಿಗೆ ಮಾತ್ರ ಇನ್ನೂ ಗಂಗವ್ವ. ಅಣ್ಣ ದವಾಖಾನೆಯಲ್ಲಿ ಬರೆಸಿದ್ದು ಆ ಹೆಸರು. ಕಿಟಕಿಯ ಮುಂದೆ ನನಗೆ ಅದು ಹೊಳೆಯಲೇ ಇಲ್ಲ.

"ಇದು ಇವರದಲ್ಲ. ಏರಿಸಂಗಿಲ್ಲ," ಎಂದರು ಸಿಸ್ಟರ್.

"ಎರಡೂ ಈಕಿ ಹೆಸರ್ರಿ. ನಾ ಗಂಡ ಅದೇನಿ, ನನಗ ಗೊತ್ತಿಲ್ಲೇನು?"

"ಹೆಸರು ಬಿಡ್ರಿ, ನಂಬರೂ ಹೊಂದವಲ್ದು."

ಕೈ ಮುಗಿದೆ. ಕಾಲು ಹಿಡಿಯಲು ಹೋದೆ. ಕೊನೆಗೆ ಬಾಯಿಗೆ ಬಂದಂತೆ ಬೈದೆ. "ಆಕಿ ಸತ್ರ ನೀವ ಹೊಣಿ" ಎಂದೆ. ಸಿಸ್ಟರ್ ಅವಳ ಮೂಗಿಗೆ ಆಕ್ಸಿಜನ್ ಹಾಕಿ, ಚೀಲವನ್ನು ಆಯಾಳ ಕೈಲಿ ಬ್ಯಾಂಕಿಗೆ ವಾಪಸ್ ಕಳಿಸಿ, ಫೋನು ಹಚ್ಚಿದರು. ಮುಕ್ಕಾಲು ತಾಸು. ಅವಳ ಒಂದೊಂದು ಉಸಿರೂ ಇದೇ ಕೊನೆಯದೇನೋ ಅನ್ನಿಸುತ್ತಿತ್ತು. ಚೀಲವನ್ನು ಕಸಿದುಕೊಂಡು ನಾನೇ ಚುಚ್ಚಬೇಕಿತ್ತು ಎಂದುಕೊಂಡೆ. ಅಷ್ಟು ಬುದ್ಧಿ ಕೆಟ್ಟಿತ್ತು.

ಫೋನು ಇಟ್ಟು ಸಿಸ್ಟರ್ ನನ್ನೊಬ್ಬನನ್ನೇ ಬಾಗಿಲ ಬಳಿ ಕರೆದು ಮೆಲ್ಲಗೆ ಹೇಳಿದರು. "ಅದು ಹೆರಿಗಿ ವಾರ್ಡಿನ ನೀಲಮ್ಮಂದು. ಬಿ ಗ್ರೂಪ್. ನಿಮ್ಮಾಕಿದು ಓ."

ನಾನು ಕೈ ಮುಗಿದು ಬೇಡಿದ್ದು ಅವಳ ಸಾವನ್ನು.

ಸರಿಯಾದ ಚೀಲ ಬಂತು. ಇಬ್ಬರು ಸಿಸ್ಟರ್ ಕೂಡಿ ಓದಿ ನೋಡಿದರು. ಜ್ವರ, ಬಿಪಿ ನೋಡಿ ಬರೆದುಕೊಂಡರು. ರಕ್ತ ಹನಿಹನಿಯಾಗಿ ಇಳಿಯತೊಡಗಿತು. ಮೊದಲ ಕಾಲು ತಾಸು ಆ ಸಿಸ್ಟರ್ ಮಂಚ ಬಿಟ್ಟು ಕದಲಲಿಲ್ಲ. "ಚಳಿ, ತುರಿಕಿ, ಬೆನ್ನು ನೋವು, ಏನ ಆದ್ರೂ ಹೇಳ್ರಿ. ತಡಕೋಬ್ಯಾಡ್ರಿ," ಎಂದು ಅವಳಿಗೆ ಎರಡು ಸಲ ಹೇಳಿದರು. ತಡೆದುಕೊಳ್ಳಬೇಡ ಎಂದು ನಮ್ಮ ಮನೆಯಲ್ಲಿ ಅವಳಿಗೆ ಯಾರೂ ಹೇಳಿದ್ದಿಲ್ಲ. ನಾನು ಗೋಡೆಗೆ ಮುಖ ಮಾಡಿ ಅತ್ತೆ.

ಈಗ ಹಿಮೋಗ್ಲೋಬಿನ್ ಒಂಬತ್ತಾಗಿದೆ. ಮುಟ್ಟು ಹತೋಟಿಗೆ ಬಂದಿದೆ. ಕಬ್ಬಿಣದ ಗುಳಿಗೆ ತಪ್ಪಿಸುವುದಿಲ್ಲ. ಮುಂದೇನೋ ತಿಳಿಯದು, ಸದ್ಯ ಮನೆಯಲ್ಲಿದ್ದಾಳೆ. ಆ ಸಿಸ್ಟರ್ ಭಾಳ ಹಟದಾಕಿ, ನನ್ನ ಗಂಡನ್ನ ಗೋಳಾಡಿಸಿದ್ಳು ಎಂದು ನನ್ನ ಹೆಂಡತಿ ಓಣಿಯವರಿಗೆಲ್ಲ ಹೇಳುತ್ತಿದ್ದಳು. ಹೋದ ವಾರ ತಡೆಯಲಾಗದೆ ಅವಳಿಗೆ ಎಲ್ಲ ಹೇಳಿಬಿಟ್ಟೆ, ಕಿಟಕಿಯ ಮುಂದೆ ನಾನು ಹೇಳಿದ ಹೆಸರನ್ನೂ.

ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕಂಡಿಕೆ ಸುತ್ತುವುದನ್ನು ನಿಲ್ಲಿಸಿದಳು.

"ಆ ಬಾಣಂತಿಗೆ ರಕ್ತ ವ್ಯಾಳ್ಯಾಕ್ಕ ಸಿಕ್ತೇನ್ರಿ?"

ನಾಲ್ಕು ದಿನ ಅದೇ ದವಾಖಾನೆಯಲ್ಲಿದ್ದೆ. ಹೆರಿಗೆ ವಾರ್ಡು ಎದುರಿಗೇ ಇತ್ತು. ನಾನು ಹೋಗಿ ಕೇಳಿರಲಿಲ್ಲ.