ಒಂದು ಗೇಣು ಎದ್ದ ಚಪ್ಪರ

ನಾನು ಕಟ್ಟಿದ ಚಪ್ಪರ ಇವತ್ತಿನವರೆಗೆ ಒಂದೂ ಹಾರಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದನ್ನು ಓದಿ ಕೆಲವರಿಗೆ ಅನುಮಾನ ಬರಬಹುದು.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ತುಮಕೂರಿನ ಒಂದು ಶಾಮಿಯಾನ ಅಂಗಡಿಯಲ್ಲಿ ಕೆಲಸಕ್ಕೆ ನಿಂತವನು ನಾನು. ಆಮೇಲೆ ಅಡುಗೆ ಕೆಲಸದ ಮೇಲೆ ಲಂಡನ್ನಿಗೆ ಬಂದೆ. ಒಂದಷ್ಟು ವರ್ಷ ಬೇರೆಯವರ ಒಲೆ ಮುಂದೆ ಬೆಂದು, ಒಂದು ಹಳೇ ವ್ಯಾನು ಕೊಂಡು, ಮತ್ತೆ ಚಪ್ಪರಕ್ಕೇ ಮರಳಿದೆ. ಇಲ್ಲಿ ಇದಕ್ಕೆ ಮಾರ್ಕೀ ಅನ್ನುತ್ತಾರೆ. ಅನ್ನಲಿ. ಬಟ್ಟೆ ಬಟ್ಟೆಯೇ, ಗಾಳಿ ಗಾಳಿಯೇ. ವೆಂಬ್ಲಿ, ಕ್ವೀನ್ಸ್‌ಬರಿ ಕಡೆ ಯಾರ ಮನೆ ಹಿತ್ತಲಲ್ಲಿ ನಾಮಕರಣ, ಸೀಮಂತ ನಡೆದರೂ ನನಗೆ ಫೋನು ಬರುತ್ತದೆ. ವ್ಯಾನಿನ ಎರಡೂ ಪಕ್ಕ ದೊಡ್ಡ ಅಕ್ಷರದಲ್ಲಿ ಬರೆಸಿದ್ದೇನೆ, ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷು: ‘ಒಂದೂ ಹಾರಿಲ್ಲ’. ನನಗಿರುವ ಡಿಗ್ರಿ ಅದೊಂದೇ.

ಡಾಕ್ಟರು ನನಗೆ ಸಿಕ್ಕಿದ್ದೂ ಈ ಕೆಲಸದಿಂದಲೇ. ಧಾರವಾಡದವರು, ಇಲ್ಲಿನ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದು ರಿಟೈರಾದವರು, ಲಂಡನ್ನಿನ ಇನ್ನೊಂದು ತುದಿ ಸಟನ್ನಿನಲ್ಲಿ ಮನೆ. ಅವರ ಮಗಳ ಮದುವೆಗೆ ಚಪ್ಪರ ಹಾಕುತ್ತಿದ್ದೆ. ಹೆಣ್ಣಿನ ತಂದೆ ಅಂದರೆ ಊಟದ ಚಿಂತೆಯಲ್ಲಿರಬೇಕು ತಾನೆ? ಇವರು ಕೈಯಲ್ಲಿ ನಾಲ್ಕು ಪುಟ್ಟ ಬಟ್ಟಲು ಗಿರಗಿರ ತಿರುಗುವ ಒಂದು ಯಂತ್ರ ಹಿಡಿದು ಏಣಿಯ ಕೆಳಗೆ ನಿಂತಿದ್ದರು.

“ಇದನ್ನ ನಿಮ್ಮ ಕಂಬದ ತುದೀಗೆ ಕಟ್ಟಲೇನ್ರಿ? ಗಾಳಿ ಎಷ್ಟು ಜೋರದ ಅಂತ ಹೇಳತದ.”

“ಅದಕ್ಕೆ ಯಂತ್ರ ಯಾಕೆ ಡಾಕ್ಟ್ರೇ? ಹಗ್ಗ ಹಿಡಿದರೆ ನನ್ನ ಕೈಗೇ ಗೊತ್ತಾಗುತ್ತೆ.”

“ಕೈಲೆ ಮುಟ್ಟಿ ಜ್ವರ ಎಷ್ಟದ ಅಂತ ಹೇಳಿದ್ರ ನಾ ಎಂದೂ ಬರ್ಕೊಂಡಾಂವ ಅಲ್ರಿ,” ಅಂದರು.

ಅಲ್ಲಿಂದ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಅವರು ನನ್ನನ್ನು ತಮ್ಮ ಫೋನ್ ಗ್ರೂಪಿಗೂ ಸೇರಿಸಿದರು. ಹನ್ನೊಂದು ಜನ, ಎಲ್ಲಾ ಕನ್ನಡದವರು, ಎಲ್ಲರಿಗೂ ಹವಾಮಾನದ ಹುಚ್ಚು. ಬೆಳಿಗ್ಗೆ ಎದ್ದು ನಾವು ದೇವರ ಪಟ ನೋಡಿದ ಹಾಗೆ ಅವರು ಮಳೆಯ ರೇಡಾರ್ ನೋಡುತ್ತಾರೆ. ಡಾಕ್ಟರ ಹತ್ತಿರ ಒಂದು ಉದ್ದನೆಯ ರಿಜಿಸ್ಟರ್ ಇದೆ. ಯಾರ ಹಿತ್ತಲಲ್ಲಿ ಎಷ್ಟು ಮಳೆ, ಎಷ್ಟು ಗಾಳಿ, ಎಲ್ಲಾ ಅದರಲ್ಲಿ ಶಾಯಿ ಪೆನ್ನಿನಲ್ಲಿ ದಾಖಲಾಗುತ್ತದೆ. ಆದರೆ ಯಂತ್ರ ಇದ್ದವರದ್ದು ಮಾತ್ರ. ಗುಂಪಿನಲ್ಲಿ ಯಂತ್ರ ಇಲ್ಲದವನು ನಾನೊಬ್ಬನೇ. ವರ್ಷವಿಡೀ ಬಯಲಲ್ಲಿ ನಿಂತು ಗಾಳಿ ತಿನ್ನುವವನೂ ನಾನೊಬ್ಬನೇ. ನನ್ನ ಒಂದು ಸಾಲೂ ಆ ಪುಸ್ತಕದಲ್ಲಿ ಇರಲಿಲ್ಲ. ಯಂತ್ರ ಕೊಳ್ಳಬಹುದಿತ್ತು, ಆದರೆ ಕೊಂಡರೆ ಸೋತ ಹಾಗೆ.

ಒಂದು ಫೆಬ್ರವರಿ ಶನಿವಾರ ಕ್ವೀನ್ಸ್‌ಬರಿಯಲ್ಲಿ ಮೈಸೂರಿನವರ ಮನೆಯ ಸೀಮಂತ. ಚಳಿಗಾಲದಲ್ಲಿ ಹಿತ್ತಲ ಚಪ್ಪರ ಯಾರೂ ಕೇಳುವುದಿಲ್ಲ, ಆದರೆ ಮನೆ ಚಿಕ್ಕದು, ನಂಟರು ನಲವತ್ತು. ಶುಕ್ರವಾರವೇ ಹೋಗಿ ನಿಲ್ಲಿಸಿ ಬಂದೆ. ಆ ಮನೆಯ ಅಜ್ಜಿ, ಬಸುರಿಯ ಅಜ್ಜಿ, ಇದಕ್ಕೆಂದೇ ಮೈಸೂರಿನಿಂದ ಬಂದವರು, ನನ್ನ ಅಲ್ಯೂಮಿನಿಯಂ ಕಂಬಕ್ಕೆ ಅರಿಸಿನ ಕುಂಕುಮ ಹಚ್ಚಿ, ವೆಂಬ್ಲಿಯಿಂದ ತರಿಸಿದ ಮಾವಿನೆಲೆ ಕಟ್ಟಿ, ಊದಿನಕಡ್ಡಿ ಬೆಳಗಿದರು. ಸಂತೋಷವಾಯಿತು. ನನ್ನ ಕಂಬಕ್ಕೆ ಪೂಜೆ ಆಗಿ ಎಷ್ಟೋ ವರ್ಷವಾಗಿತ್ತು.

ಶನಿವಾರ ಬೆಳಿಗ್ಗೆ ಗ್ರೂಪು ತೆರೆದರೆ ಮದುವೆ ಮನೆ ಸಡಗರ. ರೇಡಾರಿನಲ್ಲಿ ವೇಲ್ಸಿನ ಮೇಲೆ ಒಂದು ಕೆಂಪು ಗೆರೆ, ಸ್ಕೇಲಿಟ್ಟು ಎಳೆದ ಹಾಗೆ. ಮಳೆ, ಬಿರುಗಾಳಿ ಎಲ್ಲಾ ಸಾಲುಗಟ್ಟಿ ಒಟ್ಟಿಗೆ ಬರುವುದಕ್ಕೆ ಸ್ಕ್ವಾಲ್ ಲೈನ್ ಅನ್ನುತ್ತಾರಂತೆ. ಹತ್ತೇ ನಿಮಿಷದ ಆಟ, ಆದರೆ ಆ ಹತ್ತು ನಿಮಿಷದಲ್ಲಿ ಬೇಲಿ ಕೀಳುತ್ತದೆ, ಕಸದ ಡಬ್ಬಿ ಬೀದಿ ದಾಟುತ್ತದೆ. ಚಳಿಗಾಲದಲ್ಲಿ ಇಷ್ಟು ನೇರವಾದ ಸಾಲು ಅಪರೂಪ ಅಂತ ಎಲ್ಲರೂ ಕುಣಿಯುತ್ತಿದ್ದರು. ವೆಂಬ್ಲಿಯಲ್ಲಿರುವ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ, ಹುಡುಗ ಅಂದರೆ ನಲವತ್ತು ದಾಟಿದೆ, ಬರೆದಿದ್ದ: “ಕ್ವೀನ್ಸ್‌ಬರಿ ಮೇಲೇ ಬರ್ತಿದೆ! ಎರಡು ನಲವತ್ತಕ್ಕೆ! ಪ್ಲೀಸ್ ವೀಕ್ ಆಗ್ಬೇಡಮ್ಮಾ!”

ನಾನು ಬರೆದೆ: “ಅಲ್ಲಿ ನನ್ನ ಚಪ್ಪರ ಇದೆ.”

“ಸೂಪರ್ ಅಣ್ಣ! ಹಾಗಾದ್ರೆ ಅಲ್ಲಿಗೇ ಬರ್ತೀವಿ!”

ಡಾಕ್ಟರಿಗೆ ಫೋನು ಮಾಡಿದೆ. ಅವರು ಆಗಲೇ ರೈಲಿನಲ್ಲಿದ್ದರು. “ಒಂದು ಮಾತು ತಲ್ಯಾಗ ಇಟ್ಕೋರಿ,” ಅಂದರು. “ಸಾಲು ಬರೋಮಟ ಗಾಳಿ ನೈಋತ್ಯದಿಂದ ಬೀಸತದ. ದಾಟಿದ ಕೂಡ್ಲೆ ವಾಯವ್ಯಕ್ಕ ತಿರಗತದ. ಎರಡೂ ಕಡೆ ಭಾರ ಇಡ್ರಿ.”

“ಡಾಕ್ಟ್ರೇ, ಈ ಊರಲ್ಲಿ ದೊಡ್ಡ ಗಾಳಿ ಯಾವಾಗಲೂ ನೈಋತ್ಯದಿಂದಲೇ. ಪುಸ್ತಕದ ಗಾಳಿ ನಿಮಗಿರಲಿ, ಹಿತ್ತಲ ಗಾಳಿ ನನಗೆ ಬಿಡಿ.”

ನಾನು ಹೋಗುವಷ್ಟರಲ್ಲಿ ಹನ್ನೆರಡೂವರೆ. ಇಂಥ ಗಾಳಿಗೆ ಚಪ್ಪರದವನು ಮಾಡುವುದು ಒಂದೇ: ಬಿಚ್ಚಿ, ಮಡಚಿ, ವ್ಯಾನಿಗೆ ಹಾಕಿ, ಗಾಳಿ ಹೋದ ಮೇಲೆ ಮತ್ತೆ ನಿಲ್ಲಿಸುವುದು. ಮೊದಲ ಕಂಬಕ್ಕೆ ಕೈ ಹಾಕಿದ್ದೇ ತಡ, ಅಡುಗೆಮನೆ ಬಾಗಿಲಲ್ಲಿ ಅಜ್ಜಿ.

“ಏನಪ್ಪಾ ಮಾಡ್ತಿದೀಯ?”

“ಬಿಚ್ತಾ ಇದೀನಮ್ಮ. ಗಾಳಿ ಬರ್ತಿದೆ.”

“ಕುಂಕುಮ ಇಟ್ಟ ಚಪ್ಪರಾನ ಆರತಿ ಆಗೋ ಮುಂಚೆ ಬಿಚ್ತಾರೇನಯ್ಯಾ? ಯಾವ ಊರಲ್ಲಿ ಕಲಿತೆ?”

“ಮತ್ತೆ ಕಟ್ಟಿಕೊಡ್ತೀನಮ್ಮ.”

“ಬಿಚ್ಚಿದ್ದು ಬಿಚ್ಚಿದ್ದೇ. ನಿನ್ನ ವ್ಯಾನ್ ಮೇಲೆ ಅಷ್ಟು ದೊಡ್ಡದಾಗಿ ಬರೆಸಿದೀಯಲ್ಲ, ಅದೇನು ಸುಳ್ಳಾ?”

ಆ ಮಾತು ನಾಟಿತು. ಆರತಿ ಮೂರು ಗಂಟೆಗೆ, ಸಾಲು ಎರಡು ನಲವತ್ತಕ್ಕೆ. ಬಿಚ್ಚಿದರೆ ಅಜ್ಜಿಯ ಶಾಸ್ತ್ರ ಕೆಡುತ್ತದೆ, ಹಾಗೇ ಬಿಟ್ಟರೆ ನನ್ನ ವ್ಯಾನಿನ ಅಕ್ಷರ ಅಳಿಸಬೇಕಾಗುತ್ತದೆ. ಚಪ್ಪರದ ಕಾಲಿಗೆ ಭಾರಕ್ಕೆ ಕಟ್ಟುವ ಖಾಲಿ ಡ್ರಮ್ಮೊಂದರ ಮೇಲೆ ಕೂತು ಒಂದು ಟೀ ಕುಡಿದೆ. ಆಮೇಲೆ ಹೊಳೆಯಿತು. ನನ್ನ ಚಪ್ಪರದ ಕಾಲುಗಳು ಒಂದರೊಳಗೊಂದು ಸೇರುವಂಥವು, ಗುಂಡಿ ಒತ್ತಿದರೆ ಕೆಳಗಿಳಿಯುತ್ತವೆ. ಪಕ್ಕದ ಪರದೆಗಳನ್ನೆಲ್ಲ ತೆಗೆದು, ಒಂದೊಂದೇ ಕಾಲು ಇಳಿಸುತ್ತಾ ಬಂದೆ. ಚಪ್ಪರ ನನ್ನ ಎದೆ ಮಟ್ಟಕ್ಕೆ ಬಂತು. ಮಾವಿನೆಲೆ ಹೊಟ್ಟೆಯ ಹತ್ತಿರ ತೂಗಾಡಿತು.

“ಬಿಚ್ಚಿಲ್ಲಮ್ಮ, ನೋಡಿ. ಕೂರಿಸಿದೀನಿ ಅಷ್ಟೆ.”

ಅಜ್ಜಿ ಸುತ್ತಲೂ ಒಂದು ಸುತ್ತು ಬಂದು ಬಗ್ಗಿ ನೋಡಿದರು. “ಕೂರೋದಕ್ಕೆ ಶಾಸ್ತ್ರದಲ್ಲಿ ಏನೂ ಅಡ್ಡಿ ಇಲ್ಲ,” ಅಂದರು.

ಎಂಟು ಡ್ರಮ್ಮಿಗೆ ನೀರು ತುಂಬಿಸಿದೆ. ಶೆಡ್ಡಿನ ಕಡೆ ನೈಋತ್ಯ, ಅಲ್ಲಿ ಆರು. ಪಕ್ಕದ ಮನೆಯ ಬೇಲಿ ಕಡೆ ವಾಯವ್ಯ, ಅಲ್ಲಿ ಎರಡು. ಆ ಎರಡನ್ನೂ ಡಾಕ್ಟರ ಮರ್ಯಾದೆಗೆ ಇಟ್ಟೆ.

ಎರಡು ಗಂಟೆಗೆ ಹವಾಮಾನದವರು ಇಬ್ಬರೂ ಬಂದರು. ಡಾಕ್ಟರು ಉದ್ದ ಕೋಟು, ಬಟ್ಟಲ ಯಂತ್ರ, ಬಗಲಲ್ಲಿ ರಿಜಿಸ್ಟರು. ಬೆಂಗಳೂರಿನವನ ಕೈಯಲ್ಲಿ ಥರ್ಮಾಮೀಟರು, ಇನ್ನೊಂದು ಕೈಯಲ್ಲಿ ಫೋನು. ಅಜ್ಜಿ ಅವರನ್ನೂ ನಂಟರೆಂದೇ ತಿಳಿದು ಕೋಸಂಬರಿ ಕೊಟ್ಟರು. ಡಾಕ್ಟರು ಅಂತ ಗೊತ್ತಾಗಿ ಇನ್ನೂ ಖುಷಿ.

“ಒಳ್ಳೇದಾಯ್ತು ಡಾಕ್ಟ್ರೇ. ನಮ್ಮ ಹುಡುಗೀನ ಒಂದ್ಸಲ ನೋಡ್ತೀರಾ?”

“ನಾ ಹೆರಿಗಿ ಡಾಕ್ಟರ್ ಅಲ್ರೀ ಅಮ್ಮಾರ. ಮಂದೀನ ಮಲಗಸೋ ಡಾಕ್ಟರ್.”

“ಹಾಗಾದ್ರೆ ಆ ಗಾಳೀನ ಸ್ವಲ್ಪ ಮಲಗಿಸಿ.”

ಡಾಕ್ಟರು ನನ್ನ ಡ್ರಮ್ಮುಗಳನ್ನು ಎಣಿಸಿದರು. ಬೇಲಿ ಕಡೆಯ ಎರಡನ್ನು ಇನ್ನೊಮ್ಮೆ ಎಣಿಸಿದರು. ಅನುಮಾನ ಬಂದರೆ ಡಾಕ್ಟರುಗಳು ರೋಗಿಯ ನಾಡಿಯನ್ನು ಎರಡನೇ ಸಲ ಹಿಡಿದು ನೋಡುತ್ತಾರಲ್ಲ, ಹಾಗೆ.

ಎರಡೂವರೆಯ ಮೇಲೆ ಪಶ್ಚಿಮದಲ್ಲಿ ಆಕಾಶ ಕಪ್ಪಾಯಿತು. ಮೋಡ ಅನ್ನುವುದಕ್ಕಿಂತ ಕಪಾಟಿನ ಹಲಗೆ ಅನ್ನಬೇಕು, ಅಷ್ಟು ನೇರ. ನಂಟರನ್ನೆಲ್ಲ ಒಳಗೆ ಕಳಿಸಿ ಬಾಗಿಲು ಹಾಕಿಸಿದೆ. ಅಜ್ಜಿ ಮಾತ್ರ ಅಡುಗೆಮನೆ ಹೊಸ್ತಿಲಲ್ಲಿ ನಿಂತೇ ಇದ್ದರು. ಬೆಂಗಳೂರಿನವನು ಗಂಡಿನ ದಿಬ್ಬಣ ಬಂದ ಹಾಗೆ ಕೂಗುತ್ತಿದ್ದ: “ಬಂತು ಸಾರ್, ಬಂತು! ಟೆಂಪರೇಚರ್ ಬೀಳ್ತಿದೆ! ಇನ್ನೂ ಬೀಳ್ತಿದೆ! ಸಖತ್!”

ಮೊದಲ ಹೊಡೆತ ಶೆಡ್ಡಿನ ಕಡೆಯಿಂದ ಬಂತು. ಬಟ್ಟೆ ಢಮ್ ಅಂತ ಉಬ್ಬಿ, ಕಂಬಗಳು ಕಿರುಗುಟ್ಟಿ, ಮಳೆ ಅಡ್ಡಡ್ಡ ಬಡಿಯಿತು. ಆರು ಡ್ರಮ್ಮು ಎಳ್ಳಷ್ಟೂ ಕದಲಲಿಲ್ಲ. ನನ್ನ ಎದೆ ಚಪ್ಪರಕ್ಕಿಂತ ಜಾಸ್ತಿ ಉಬ್ಬಿತು. “ನೋಡಿದ್ರಾ ಡಾಕ್ಟ್ರೇ!” ಅಂತ ಕಿರುಚಿದೆ. “ಎಲ್ಲಿ ನಿಮ್ಮ ವಾಯ—”

ಗಾಳಿ ತಿರುಗಿತು. ಯಾರೋ ಬಾಗಿಲು ಹಾಕಿ ಇನ್ನೊಂದು ಬಾಗಿಲು ತೆರೆದ ಹಾಗೆ. ಬೇಲಿ ಕಡೆಯ ಕಾಲುಗಳು ಎರಡೂ ಡ್ರಮ್ಮುಗಳನ್ನು ಕಟ್ಟಿಕೊಂಡೇ ಮೇಲೆದ್ದವು. ಹಾರಿ ಒಂದು ಕಾಲನ್ನು ತಬ್ಬಿಕೊಂಡೆ. ನನ್ನ ಬೂಟು ಹುಲ್ಲಿನ ಮೇಲೆ ಜಾರಿತು. ಬೆಂಗಳೂರಿನವನು ಥರ್ಮಾಮೀಟರು ಎಸೆದು ಎರಡನೆಯದನ್ನು ಹಿಡಿದ. ಸಾಲಲಿಲ್ಲ. ನಡುವಿನ ಕಾಲು ಇನ್ನೂ ಗಾಳಿಯಲ್ಲೇ ಒದೆಯುತ್ತಿತ್ತು.

ಡಾಕ್ಟರು ಹಿತ್ತಲ ಮಧ್ಯ ಕೈ ಎತ್ತಿ ನಿಂತಿದ್ದರು. ಯಂತ್ರದ ಬಟ್ಟಲುಗಳು ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತಿದ್ದವು. ವರ್ಷಗಟ್ಟಲೆ ಕಾದ ಗಾಳಿ ಅದು, ಮೂರು ರೈಲು ಬದಲಾಯಿಸಿ ಬಂದಿದ್ದರು. ಅವರು ಯಂತ್ರ ನೋಡಿದರು, ನನ್ನನ್ನು ನೋಡಿದರು.

“ಡಾಕ್ಟ್ರೇ!” ಅಂದೆ.

“ಅಮ್ಮಾರ, ಇದನ್ನ ಹಿಡೀರಿ! ಮ್ಯಾಲೆ ಹಿಡೀರಿ!” ಅಂತ ಯಂತ್ರವನ್ನು ಅಜ್ಜಿಯ ಕೈಗೆ ತುರುಕಿ, ಕೋಟು ಹಾರಿಸಿಕೊಂಡು ಓಡಿ ಬಂದು ನಡುವಿನ ಕಾಲಿಗೆ ಜೋತುಬಿದ್ದರು. ಜೋತುಬಿದ್ದದ್ದು ಅಂದರೆ ನಿಜವಾಗಿ. ಎಪ್ಪತ್ತು ದಾಟಿದ ಮನುಷ್ಯ, ಮಾವಿನೆಲೆ ತೋರಣ ಮೂಗಿನ ಮೇಲೆ, ಕಣ್ಣು ಮುಚ್ಚಿ, “ಮಲಕೋ, ಮಲಕೋ” ಅನ್ನುತ್ತಿದ್ದರು. ಕಂಬಕ್ಕೋ ಗಾಳಿಗೋ, ಕೇಳಲಿಲ್ಲ.

ಎಷ್ಟು ಹೊತ್ತು ಹಿಡಿದಿದ್ದೆವೋ. ಕಾಲುಗಳು ನೆಲಕ್ಕೆ ಕೂತವು. ಮಳೆ ನಿಂತಿತು. ಪಕ್ಕದ ಮನೆಯವರ ಟ್ರಾಂಪೊಲೀನು ಅದರ ಪಕ್ಕದ ಮನೆಯವರದ್ದಾಗಿತ್ತು. ನನ್ನ ಚಪ್ಪರ ಅಲ್ಲೇ ಇತ್ತು.

ಡಾಕ್ಟರು ಮೊದಲು ಹೋದದ್ದು ಅಜ್ಜಿಯ ಹತ್ತಿರ. “ಎಷ್ಟು ತೋರ್ಸಿತ್ರಿ?”

ಅಜ್ಜಿ ಸೆರಗಿನೊಳಗಿಂದ ಯಂತ್ರ ತೆಗೆದು ಕೊಟ್ಟರು. “ಒಂದು ಹನಿ ನೀರು ಬಿದ್ದಿಲ್ಲ ನೋಡಿ. ಒದ್ದೆ ಆದ್ರೆ ಕೆಟ್ಟುಹೋಗುತ್ತೆ ಅಂತ ಬೆಚ್ಚಗೆ ಇಟ್ಕೊಂಡಿದ್ದೆ.”

ಡಾಕ್ಟರ ಮುಖ ಆಗ ನೋಡಬೇಕಿತ್ತು. ಬೆಂಗಳೂರಿನವನು ನಗು ತಡೆಯಲಾರದೆ ಶೆಡ್ಡಿನ ಹಿಂದೆ ಹೋದ. ಆದರೆ ಡಾಕ್ಟರು ಅಜ್ಜಿಗೆ ಕೈಮುಗಿದು, “ಭಾಳ ಉಪಕಾರ ಆತ್ರಿ ಅಮ್ಮಾರ,” ಅಂದರು. ಅದಕ್ಕೇ ಅವರ ಮೇಲೆ ನನಗೆ ಗೌರವ, ಎಷ್ಟೇ ಜಗಳವಾಡಲಿ.

ಕಾಲುಗಳನ್ನು ಮತ್ತೆ ಎತ್ತರಿಸಿದೆ. ಮೂರೂಕಾಲಿಗೆ ತೊಳೆದಿಟ್ಟಂಥ ನೀಲಿ ಆಕಾಶದ ಕೆಳಗೆ, ಹಲ್ಲು ಕಟಕಟ ಅನ್ನುವ ಚಳಿಯಲ್ಲಿ, ಹುಡುಗಿಗೆ ಆರತಿಯಾಯಿತು. ಊಟಕ್ಕೆ ಕೂತಾಗ ಡಾಕ್ಟರು ಎಲೆಯ ಪಕ್ಕದಲ್ಲೇ ರಿಜಿಸ್ಟರು ಬಿಚ್ಚಿದರು. ಸ್ಥಳ ಬರೆದರು, ಸಮಯ ಬರೆದರು. ಅತಿ ಜೋರು ಗಾಳಿ ಎಷ್ಟು ಅನ್ನುವ ಕಡೆ ಪೆನ್ನು ನಿಂತಿತು. ಆಮೇಲೆ ಪುಸ್ತಕವನ್ನು ನನ್ನ ಕಡೆ ಸರಿಸಿದರು.

“ನೀವ ಬರೀರಿ. ಕೈಗೆ ಗೊತ್ತಾಗತದ ಅಂತಿದ್ರಲ್ಲ.”

ಪೆನ್ನು ಹಿಡಿದೆ. ಎಂಟನೇ ಕ್ಲಾಸಿನ ಅಕ್ಷರ, ಡಾಕ್ಟರ ಅಕ್ಷರದ ಪಕ್ಕ. ಗ್ರೂಪಿನ ಹನ್ನೊಂದು ಜನವೂ ಅದನ್ನು ಓದುತ್ತಾರೆ, ಅರ್ಧ ಜನ ನನ್ನ ಗಿರಾಕಿಗಳು. ‘ಚಪ್ಪರ ಹಾರಲಿಲ್ಲ’ ಅಂತ ಬರೆದು ಮುಗಿಸಿದ್ದರೆ ಅದೂ ನಿಜವೇ. ಆದರೆ ಎದುರಿಗೆ ಕೂತವರ ಅಂಗೈ ಕಂಬ ಹಿಡಿದು ಇನ್ನೂ ಕೆಂಪಗಿತ್ತು. ಬರೆದೆ:

‘ನೈಋತ್ಯ ಗಾಳಿ: ಆರು ಡ್ರಮ್ಮು ಹಿಡಿದವು. ವಾಯವ್ಯ ಗಾಳಿ: ಎರಡು ಡ್ರಮ್ಮು, ಒಬ್ಬ ಚಪ್ಪರದವನು, ಒಬ್ಬ ಇಂಜಿನಿಯರು, ಒಬ್ಬ ಡಾಕ್ಟರು ಬೇಕಾಯಿತು. ಚಪ್ಪರ ಒಂದು ಗೇಣು ಎದ್ದಿತು. ಭಾರ ಒಂದೇ ಕಡೆ ಇಟ್ಟದ್ದು ನನ್ನ ತಪ್ಪು.’

ಡಾಕ್ಟರು ಓದಿದರು. “ಒಂದು ಗೇಣಲ್ರಿ, ಒಂದೂವರಿ.”

“ಒಂದೇ.”

“ನಾ ಅದರ ಜೋಡಿ ಮ್ಯಾಲೆ ಹೋಗಿದ್ದೆ. ನನಗ ಗೊತ್ತಿಲ್ಲೇನು?”

ಚಿರೋಟಿಗೆ ಹಾಲು ಹಾಕುತ್ತಾ ಬಂದ ಅಜ್ಜಿ ಏನು ಗಲಾಟೆ ಅಂತ ವಿಚಾರಿಸಿದರು. ಹೇಳಿದೆವು. “ಅಯ್ಯೋ, ವಾಯವ್ಯ ಅಂದ್ರೆ ವಾಯುದೇವರ ಮೂಲೆ. ಅಲ್ಲಿಂದಲ್ಲದೆ ಇನ್ನೆಲ್ಲಿಂದ ಬರ್ತಾನೆ? ನನ್ನನ್ನ ಕೇಳಿದ್ರೆ ಬೆಳಿಗ್ಗೇನೇ ಹೇಳ್ತಿದ್ದೆ,” ಅಂದು ಮುಂದಿನ ಎಲೆಗೆ ಹೋದರು.

ಒಂದು ಗೇಣು ಅಂತಲೇ ಉಳಿಯಿತು. ವ್ಯಾನಿನ ಮೇಲಿನ ಅಕ್ಷರಗಳೂ ಹಾಗೇ ಇವೆ. ಎದ್ದದ್ದು ಹಾರಿದ್ದಲ್ಲ, ಬೇಕಾದರೆ ರಿಜಿಸ್ಟರು ನೋಡಿ. ಈಗ ಎಲ್ಲಿ ಚಪ್ಪರ ಹಾಕಿದರೂ ಮೊದಲ ಡ್ರಮ್ಮು ವಾಯವ್ಯದಲ್ಲೇ ಇಡುತ್ತೇನೆ. ಯಾಕೆ ಅಂತ ಯಾರಾದರೂ ಕೇಳಿದರೆ ಅದು ವಾಯುದೇವರ ಮೂಲೆ ಅನ್ನುತ್ತೇನೆ. ಡಾಕ್ಟರ ಸುದ್ದಿ ಎತ್ತುವುದಿಲ್ಲ.